ದಾಲ್ ಮಿಲ್‌ಗೆ ಯಾವ ಕ್ಲೌಡ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಕಲಬುರಗಿಯಲ್ಲಿ ದಾಲ್ ಮಿಲ್. ತೊಗರಿ ಖರೀದಿ, ತೂಕ, ಸ್ಟಾಕ್, ಬಿಲ್, ಲಾರಿ ಲೋಡಿಂಗ್ ಎಲ್ಲಕ್ಕೂ ಸೇರಿ ಒಂದೇ ಸಾಫ್ಟ್‌ವೇರ್ ಮಾಡಿಸಬೇಕು ಅಂತಿದ್ದೇವೆ. ಮಿಲ್‌ನಲ್ಲಿ, ಗಂಜ್‌ನ ಅಂಗಡಿಯಲ್ಲಿ ಸೇರಿ ಹತ್ತು ಹನ್ನೆರಡು ಮಂದಿ ಬಳಸುತ್ತಾರೆ. ನಮ್ಮೂರಿನ ಡೆವಲಪರ್ ಹುಡುಗ ಎಡಬ್ಲ್ಯೂಎಸ್‌ನಲ್ಲಿ (ಅಮೆಜಾನ್‌ನ ಕ್ಲೌಡ್) ಸರ್ವರ್ ತಗೊಳ್ಳೋಣ ಅಂತಾನೆ. ಹೈದರಾಬಾದಿನಲ್ಲಿ ಕೆಲಸ ಮಾಡುವ ನನ್ನ ತಮ್ಮನ ಮಗ ಅಜೂರ್ (ಮೈಕ್ರೋಸಾಫ್ಟಿನ ಕ್ಲೌಡ್) ಅಂತಾನೆ. ಇನ್ನೊಬ್ಬರು ಬಂದು, ಕೋಡ್ ಬರೆಯೋದೇ ಬೇಡ, ಜೋಹೊ ಕ್ರಿಯೇಟರ್‌ನಲ್ಲಿ ಬೇಗ ಮಾಡಿಕೊಡ್ತೀನಿ ಅಂದರು. ಮೂವರೂ ರೇಟ್ ಕೊಟ್ಟಿದ್ದಾರೆ, ಒಂದಕ್ಕೊಂದು ತಾಳೆಯೇ ಆಗುತ್ತಿಲ್ಲ. ಯಾವುದು ಒಳ್ಳೇದು ಸರ್?
– ದಾಲ್ ಮಿಲ್ ಮಾಲೀಕರು, ಕಲಬುರಗಿ

ಉತ್ತರ: ರೇಟ್ ತಾಳೆಯಾಗದಿರುವುದಕ್ಕೆ ಕಾರಣ ಇದೆ. ಮೂವರೂ ಕ್ಲೌಡ್ ಅಂತಲೇ ಹೇಳುತ್ತಿದ್ದಾರೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್ ಸೇವೆ, ಆದರೆ ಕೊಡುತ್ತಿರುವ ಸಾಮಾನು ಬೇರೆ ಬೇರೆ.

ನಿಮ್ಮ ಡೆವಲಪರ್ ಹೇಳುತ್ತಿರುವುದು ಬರೀ ಸರ್ವರ್ ಬಾಡಿಗೆ. ಮೆಷಿನ್ ಅವರದು, ಅದರೊಳಗಿನ ಎಲ್ಲವೂ ನಿಮ್ಮದು. ಲಿನಕ್ಸ್ ಅಪ್‌ಡೇಟ್, ಡೇಟಾಬೇಸ್, ಫೈರ್‌ವಾಲ್, ಬ್ಯಾಕಪ್ ಎಲ್ಲ ನಿಮ್ಮ ಕಡೆಯವರೇ ನೋಡಿಕೊಳ್ಳಬೇಕು. ಅದಕ್ಕೇ ತಿಂಗಳ ಬಾಡಿಗೆ ಕಡಿಮೆ ಕಾಣುತ್ತದೆ. ಜೋಹೊ ಕ್ರಿಯೇಟರ್, ಸೇಲ್ಸ್‌ಫೋರ್ಸ್, ಮೈಕ್ರೋಸಾಫ್ಟಿನ ಪವರ್ ಆ್ಯಪ್ಸ್ ಇವೆಲ್ಲ ಇನ್ನೊಂದು ತುದಿ. ಫಾರ್ಮ್, ರಿಪೋರ್ಟ್, ಲಾಗಿನ್ ಎಲ್ಲ ತಯಾರಿರುತ್ತವೆ, ನಿಮ್ಮ ವ್ಯವಹಾರಕ್ಕೆ ಹೊಂದಿಸಿಕೊಳ್ಳುವುದಷ್ಟೇ ಕೆಲಸ, ಸರ್ವರ್ ಎಲ್ಲಿದೆ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಲ್ಲಿ ಸಾಮಾನ್ಯವಾಗಿ ಲೆಕ್ಕ ಹಾಕುವುದು ತಲೆಗೆ ಇಷ್ಟು ಅಂತ. ಹಂಗಾಮಿನಲ್ಲಿ ನಾಲ್ಕು ಜನ ಗುಮಾಸ್ತರನ್ನು ಜಾಸ್ತಿ ತಗೊಂಡರೆ ಬಿಲ್ಲೂ ಜಾಸ್ತಿಯಾಗುತ್ತದೆ. ಇವೆರಡರ ನಡುವೆ ಇನ್ನೊಂದು ದಾರಿ ಇದೆ, ಅದನ್ನು ನಿಮಗೆ ಯಾರೂ ಹೇಳಿದ ಹಾಗೆ ಕಾಣಲಿಲ್ಲ. ಕೋಡ್ ನಿಮ್ಮದು, ಅದನ್ನು ಓಡಿಸುವ ಹೊಣೆ ಅವರದು. ಅಜೂರ್‌ನ ಆ್ಯಪ್ ಸರ್ವಿಸ್, ಗೂಗಲ್‌ನ ಕ್ಲೌಡ್ ರನ್ ಮತ್ತು ಆ್ಯಪ್ ಎಂಜಿನ್, ಎಡಬ್ಲ್ಯೂಎಸ್‌ನ ಎಲಾಸ್ಟಿಕ್ ಬೀನ್‌ಸ್ಟಾಕ್, ಹೆರೋಕು ಇವೆಲ್ಲ ಈ ಜಾತಿಗೆ ಸೇರಿದವು.

ಹಾಗಾಗಿ ಎಡಬ್ಲ್ಯೂಎಸ್ಸೋ ಅಜೂರೋ ಅನ್ನುವುದು ಆಮೇಲಿನ ಮಾತು. ಮೊದಲು ಕೇಳಬೇಕಾದ್ದು ಬೇರೆ. ಜನವರಿಯಲ್ಲಿ ಆವಕ ಜೋರಾಗಿರುವಾಗ, ಗಂಜ್‌ನಲ್ಲಿ ಲಾರಿಗಳು ಸಾಲಾಗಿ ನಿಂತಿರುವಾಗ, ರಾತ್ರಿ ಒಂಬತ್ತಕ್ಕೆ ಸಾಫ್ಟ್‌ವೇರ್ ನಿಂತುಹೋದರೆ ಫೋನ್ ಎತ್ತುವವರು ಯಾರು? ನಿಮ್ಮ ಉತ್ತರ "ಆ ಒಬ್ಬ ಹುಡುಗ" ಅಂತಾದರೆ ಬರೀ ಸರ್ವರ್ ಬಾಡಿಗೆ ತಗೊಳ್ಳಬೇಡಿ. ಹುಡುಗ ಜಾಣನೇ ಇರಬಹುದು. ಆದರೆ ಅವನಿಗೂ ಮದುವೆ ಮುಂಜಿ ಇರುತ್ತವೆ, ಬೆಂಗಳೂರಿನಲ್ಲಿ ಒಳ್ಳೆ ಕೆಲಸ ಸಿಕ್ಕರೆ ಹೋಗುತ್ತಾನೆ, ಹೋಗಲೂಬೇಕು. ಅವನು ಹೋದ ಮೇಲೆ ಆ ಸರ್ವರ್ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ತಿಂಗಳಿಗೆ ಸಾವಿರ ರೂಪಾಯಿ ಉಳಿಸಲು ಹೋಗಿ ಹಂಗಾಮಿನ ಒಂದು ದಿನದ ವ್ಯಾಪಾರ ಕಳೆದುಕೊಂಡರೆ ಲೆಕ್ಕ ಎಲ್ಲಿಗೆ ಬಂತು?

ನನ್ನ ಸಲಹೆ ನಡುವಿನ ದಾರಿ. ಸಾಫ್ಟ್‌ವೇರನ್ನು ಪೈಥಾನ್, ಪಿಎಚ್‌ಪಿ, ಡಾಟ್‌ನೆಟ್ ತರಹದ ಎಲ್ಲರಿಗೂ ಗೊತ್ತಿರುವ ಭಾಷೆಯಲ್ಲೇ ಬರೆಸಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಇರಲಿ, ಅದನ್ನೂ ಕಂಪನಿಯೇ ನೋಡಿಕೊಳ್ಳುವ ಸೇವೆಯಾಗಿ ತಗೊಳ್ಳಿ. ಇದರಿಂದ ಒಂದು ದೊಡ್ಡ ಲಾಭ ಇದೆ. ನಾಳೆ ಒಂದು ಕ್ಲೌಡ್ ಬೇಡ ಅನಿಸಿದರೆ ಇನ್ನೊಂದಕ್ಕೆ ಗಂಟು ಮೂಟೆ ಕಟ್ಟಿಕೊಂಡು ಹೋಗಬಹುದು. ಜೋಹೊ ಕ್ರಿಯೇಟರ್‌ನಲ್ಲಿ ಬರೆದದ್ದು ಡೆಲ್ಯೂಜ್ ಎಂಬ ಅವರದೇ ಭಾಷೆಯಲ್ಲಿರುತ್ತದೆ, ಸೇಲ್ಸ್‌ಫೋರ್ಸ್‌ನದು ಏಪೆಕ್ಸ್. ಅಲ್ಲಿಂದ ಹೊರಡುವಾಗ ಡೇಟಾ ಕೈಗೆ ಸಿಗುತ್ತದೆ, ಆದರೆ ಬರೆಸಿದ ನಿಯಮಗಳನ್ನೆಲ್ಲ ಹೊಸದಾಗಿ ಬರೆಸಬೇಕು. ಇದರರ್ಥ ಕ್ರಿಯೇಟರ್ ಕೆಟ್ಟದ್ದು ಅಂತಲ್ಲ. ನಾಲ್ಕೈದು ಮಂದಿಯ ಅಂಗಡಿ, ಒಂದಿಷ್ಟು ಎಂಟ್ರಿ, ಒಂದೆರಡು ರಿಪೋರ್ಟ್ ಇಷ್ಟೇ ಆಗಿದ್ದರೆ ನಾನೇ ಅದನ್ನು ಹೇಳುತ್ತಿದ್ದೆ. ನಿಮ್ಮಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಇದೆ. ಒಂದು ಲಾಟ್ ತೊಗರಿಯಿಂದ ಬೇಳೆ ಎಷ್ಟು, ನುಚ್ಚು ಎಷ್ಟು, ಚುನ್ನಿ ಎಷ್ಟು, ಹೊಟ್ಟು ಎಷ್ಟು ಅನ್ನುವ ಲೆಕ್ಕ ಇದೆ. ಅಡತಿಯ ಲೆಕ್ಕ ಇದೆ, ಉದ್ರಿ ಇದೆ. ಇದು ವರ್ಷ ವರ್ಷ ಬೆಳೆಯುವ ಸಾಫ್ಟ್‌ವೇರ್. ಕೋಡ್ ನಿಮ್ಮ ಕೈಯಲ್ಲಿರುವುದು ಒಳ್ಳೆಯದು.

ಇನ್ನು ಕಂಪನಿ ಯಾವುದು? ನಿಮ್ಮ ಅಳತೆಯ ಕೆಲಸಕ್ಕೆ ಎಡಬ್ಲ್ಯೂಎಸ್, ಅಜೂರ್, ಗೂಗಲ್ ಮೂರೂ ಸಾಕು. ಮೂವರಿಗೂ ಭಾರತದಲ್ಲೇ ಡೇಟಾ ಸೆಂಟರ್‌ಗಳಿವೆ. ಅಜೂರ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗೆ ಬಂತು. ಎಡಬ್ಲ್ಯೂಎಸ್ 2016ರಲ್ಲಿ ಮುಂಬೈಗೆ, ಗೂಗಲ್ 2017ರಲ್ಲಿ ಮುಂಬೈಗೆ ಬಂದವು. ಮೈಕ್ರೋಸಾಫ್ಟಿನದೇ ಆದ ಡಾಟ್‌ನೆಟ್‌ನಲ್ಲಿ, ಅವರದೇ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಮೇಲೆ ಬರೆಸುವುದಾದರೆ ನಿಮ್ಮ ತಮ್ಮನ ಮಗ ಹೇಳಿದ್ದು ಸರಿ, ಅಜೂರ್‌ನಲ್ಲಿ ಕೆಲಸ ಹಗುರ. ಪೈಥಾನ್ ಜೊತೆ ಪೋಸ್ಟ್‌ಗ್ರೆಸ್ ಅಂದರೆ ಮೂರರಲ್ಲಿ ಯಾವುದಾದರೂ ಸರಿ, ಡೆವಲಪರ್ ಎರಡು ವರ್ಷದಿಂದ ನಿಜವಾಗಿ ನಡೆಸಿ ಅಭ್ಯಾಸ ಇರುವುದನ್ನೇ ತಗೊಳ್ಳಿ. ಯೂಟ್ಯೂಬ್ ನೋಡಿ ಕಲಿತದ್ದನ್ನು ನಿಮ್ಮ ಮಿಲ್ ಮೇಲೆ ಪ್ರಯೋಗ ಮಾಡುವುದು ಬೇಡ.

ಹಂಗಾಮಿನ ವಿಷಯ ಹೇಳಲೇಬೇಕು. ಎಡಬ್ಲ್ಯೂಎಸ್‌ನಲ್ಲಿ ಟಿ ಅಕ್ಷರದಿಂದ ಶುರುವಾಗುವ ಅಗ್ಗದ ಸರ್ವರ್‌ಗಳಿವೆ, ಟಿ3 ಅಂತೆಲ್ಲ. ಅವು ಸುಮ್ಮನಿದ್ದಾಗ ಕ್ರೆಡಿಟ್ (ವೇಗವಾಗಿ ಓಡಲು ಸಿಗುವ ಅಂಕ) ಕೂಡಿಡುತ್ತವೆ, ಕೆಲಸ ಬಿದ್ದಾಗ ಅದನ್ನು ಖರ್ಚು ಮಾಡುತ್ತವೆ. ಆಗಸ್ಟ್‌ನಲ್ಲಿ ಪರೀಕ್ಷೆ ಮಾಡಿದಾಗ ಚೆನ್ನಾಗಿಯೇ ಓಡುತ್ತದೆ. ಆವಕದ ತಿಂಗಳಲ್ಲಿ ಕ್ರೆಡಿಟ್ ಮುಗಿದರೆ ಹಳೆಯ ಟಿ2 ನಿಧಾನವಾಗುತ್ತದೆ, ಟಿ3 ಸಾಮಾನ್ಯವಾಗಿ ನಿಧಾನವಾಗುವ ಬದಲು ಜಾಸ್ತಿ ಬಿಲ್ ಹಾಕುತ್ತದೆ. ಬರೀ ಸರ್ವರ್ರೇ ಬೇಕು ಅಂತ ಡೆವಲಪರ್ ಹಟ ಹಿಡಿದರೆ ಕ್ರೆಡಿಟ್ ಮುಗಿದಾಗ ಏನಾಗುತ್ತದೆ ಅಂತ ಕೇಳಿ, ಅವನ ಉತ್ತರದಲ್ಲೇ ಅವನ ಅನುಭವ ಗೊತ್ತಾಗುತ್ತದೆ.

ಕ್ಲೌಡ್ ಯಾವುದೇ ಇರಲಿ, ವೇಬ್ರಿಡ್ಜ್ ಮಾತ್ರ ಇಂಟರ್ನೆಟ್ ನಂಬಿಕೊಂಡು ಇರಬಾರದು. ನಮ್ಮ ಕಡೆ ಕರೆಂಟ್ ಹೋಗುತ್ತದೆ, ರಸ್ತೆ ಅಗೆದಾಗ ಕೇಬಲ್ ತುಂಡಾಗುತ್ತದೆ. ತೂಕ ಮೊದಲು ಅಲ್ಲಿರುವ ಕಂಪ್ಯೂಟರ್‌ನಲ್ಲೇ ದಾಖಲಾಗಬೇಕು, ಚೀಟಿ ಪ್ರಿಂಟ್ ಆಗಬೇಕು, ಲೈನ್ ಬಂದ ಮೇಲೆ ತಾನಾಗಿ ಮೇಲಕ್ಕೆ ಹೋಗಬೇಕು. ಇದನ್ನು ಒಪ್ಪಂದದಲ್ಲೇ ಬರೆಸಿ. ಆಮೇಲೆ ಸೇರಿಸುವುದು ಬಹಳ ಕಷ್ಟದ ಕೆಲಸ.

ಬ್ಯಾಕಪ್ ಬಗ್ಗೆ ಒಂದು ನಿಜವಾದ ಘಟನೆ ಹೇಳುತ್ತೇನೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ದೊಡ್ಡ ಪಿಂಚಣಿ ನಿಧಿಯ ಪ್ರೈವೇಟ್ ಕ್ಲೌಡ್ (ಅವರೊಬ್ಬರಿಗೇ ಮೀಸಲಾದ ಕ್ಲೌಡ್) ಗೂಗಲ್ ಕಡೆಯ ಒಂದು ತಪ್ಪು ಸೆಟ್ಟಿಂಗ್‌ನಿಂದ ಅಳಿಸಿಹೋಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರು ಒಂದು ವಾರದ ಮಟ್ಟಿಗೆ ತಮ್ಮ ಖಾತೆ ನೋಡಲಾಗಲಿಲ್ಲ. ಅವರು ಬೇರೆ ಕಂಪನಿಯ ಬಳಿಯೂ ಒಂದು ಬ್ಯಾಕಪ್ ಇಟ್ಟಿದ್ದರು, ಚೇತರಿಸಿಕೊಳ್ಳಲು ಅದು ಬಹಳ ನೆರವಾಯಿತು. ಅಷ್ಟು ದೊಡ್ಡವರಿಗೇ ಹೀಗಾಗಬಹುದಾದರೆ ನೀವೂ ದಿನಕ್ಕೊಂದು ಪ್ರತಿ ಬೇರೆ ಕಡೆ ಇಡಲೇಬೇಕು ಅಲ್ವಾ? ಹಂಗಾಮು ಶುರುವಾಗುವ ಮುಂಚೆ ಒಂದು ಸಲ ಆ ಬ್ಯಾಕಪ್‌ನಿಂದ ಇಡೀ ಸಾಫ್ಟ್‌ವೇರನ್ನು ಮತ್ತೆ ಎಬ್ಬಿಸಿ ತೋರಿಸು ಅಂತ ಡೆವಲಪರ್‌ಗೆ ಹೇಳಿ, ನೀವೇ ಪಕ್ಕದಲ್ಲಿ ಕೂತು ನೋಡಿ.

ಕೊನೆಗೆ, ಕ್ಲೌಡ್ ಖಾತೆ ಮಿಲ್ ಹೆಸರಲ್ಲೇ ಇರಬೇಕು. ಮಿಲ್‌ನ ಇಮೇಲ್, ಮಿಲ್‌ನ ಫೋನ್, ಮುಖ್ಯ ಪಾಸ್‌ವರ್ಡ್ ನಿಮ್ಮ ತಿಜೋರಿಯಲ್ಲಿ. ಡೆವಲಪರ್‌ಗೆ ಬೇರೆ ಲಾಗಿನ್ ಮಾಡಿಕೊಡಬಹುದು. ಖಾತೆಯಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿ, ಬಿಲ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬರುತ್ತದೆ, ನಂಬರ್ ಇಲ್ಲದಿದ್ದರೆ ಇನ್‌ಪುಟ್ ಕ್ರೆಡಿಟ್ ಕೈಬಿಟ್ಟುಹೋಗುತ್ತದೆ. ಕಾರ್ಡ್ ಕೊಟ್ಟರೆ ಇನ್ನೊಂದು ಮಾತು ನೆನಪಿರಲಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಆಟೋ ಡೆಬಿಟ್ 15,000 ರೂಪಾಯಿ ದಾಟಿದರೆ ನೀವು ಒಟಿಪಿ ಕೊಟ್ಟು ಒಪ್ಪಬೇಕು. ಆ ಮೆಸೇಜ್ ಯಾರೂ ನೋಡದೆ ಬಿಲ್ ಕಟ್ಟದೇ ಉಳಿದರೆ ಖಾತೆಯೇ ನಿಲ್ಲಬಹುದು.

ಪ್ರಶ್ನೆ: ಯಾದಗಿರಿಗೆ ಹೈದರಾಬಾದ್ ಹತ್ತಿರ. ಎಡಬ್ಲ್ಯೂಎಸ್ ಈಗ ಹೈದರಾಬಾದ್‌ನಲ್ಲೂ ಇದೆಯಂತೆ. ಮುಂಬೈ ಬಿಟ್ಟು ಅಲ್ಲಿಗೆ ಹೋದರೆ ಸ್ಪೀಡ್ ಜಾಸ್ತಿ ಆಗುತ್ತದಾ?
– ಓದುಗರು, ಯಾದಗಿರಿ

ಉತ್ತರ: ಇಲ್ಲ. ಹೈದರಾಬಾದ್ ರೀಜನ್ (ಒಂದು ಪ್ರದೇಶದ ಡೇಟಾ ಸೆಂಟರ್‌ಗಳ ಗುಂಪು) 2022ರ ನವೆಂಬರ್‌ನಲ್ಲಿ ಶುರುವಾಗಿದೆ, ನಿಜ. ಆದರೆ ನಿಮ್ಮ ಇಂಟರ್ನೆಟ್ ಕಂಪನಿಯ ಕೇಬಲ್ ನಕ್ಷೆಯಲ್ಲಿ ಕಾಣುವ ಹಾಗೆ ನೇರ ಹೋಗುವುದಿಲ್ಲ. ಎಷ್ಟೋ ಸಲ ಬೆಂಗಳೂರೋ ಮುಂಬೈಯೋ ಸುತ್ತಿಕೊಂಡೇ ಹೋಗುತ್ತದೆ. ದೇಶದೊಳಗಿನ ವ್ಯತ್ಯಾಸ ಬಿಲ್ ಹಾಕುವವರ ಕಣ್ಣಿಗೆ ಕಾಣುವಂಥದ್ದಲ್ಲ. ಹಳೆಯದಾದ ಮುಂಬೈ ರೀಜನ್‌ನಲ್ಲಿ ಸೇವೆಗಳು ಜಾಸ್ತಿ ಇವೆ, ಆದ್ದರಿಂದ ಮುಖ್ಯ ಕೆಲಸ ಅಲ್ಲಿರಲಿ, ಎರಡನೇ ಬ್ಯಾಕಪ್‌ಗೆ ಹೈದರಾಬಾದ್ ಬಳಸಿ. ಅಮೆರಿಕದ ರೀಜನ್ ಮಾತ್ರ ಬೇಡ, ಅಲ್ಲಿಗೆ ಹೋಗಿಬರುವ ವಿಳಂಬ ಪ್ರತಿ ಕ್ಲಿಕ್‌ನಲ್ಲೂ ಗೊತ್ತಾಗುತ್ತದೆ.

ಪ್ರಶ್ನೆ: ಬೀದರ್‌ನಲ್ಲಿ ಶಾಲೆ, ಲಾಡ್ಜ್, ಆಸ್ಪತ್ರೆಗಳಿಗೆ ಸಣ್ಣ ಸಣ್ಣ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಮುಂಚೆ ಹೆರೋಕುನಲ್ಲಿ ಫ್ರೀ ಆಗಿ ಇಡುತ್ತಿದ್ದೆ. ಈಗ ಎಲ್ಲರದ್ದನ್ನೂ ನನ್ನದೇ ಒಂದು ಸರ್ವರ್‌ನಲ್ಲಿ ಹಾಕಿದ್ದೇನೆ. ಕಸ್ಟಮರ್‌ಗಳು ತಿಂಗಳಿಗೆ ಐನೂರು ರೂಪಾಯಿಗಿಂತ ಮೇಲೆ ಕೊಡಲ್ಲ. ಅಗ್ಗದ ದಾರಿ ಯಾವುದಣ್ಣ?
– ಫ್ರೀಲಾನ್ಸ್ ಡೆವಲಪರ್, ಬೀದರ್

ಉತ್ತರ: ಹೆರೋಕು ಫ್ರೀ ಪ್ಲಾನ್ 2022ರ ನವೆಂಬರ್ 28ಕ್ಕೆ ನಿಂತಿತು, ಆಗ ನಿನ್ನ ಹಾಗೆ ಬಹಳ ಜನ ಪರದಾಡಿದರು ತಮ್ಮಾ. ಫ್ರೀ ಪ್ಲಾನ್ ಕಲಿಯುವುದಕ್ಕೆ ಚೆನ್ನ. ಆಸ್ಪತ್ರೆಯ ಕೌಂಟರ್‌ಗೆ ಅಲ್ಲ. ಹೆರೋಕು ಜಾತಿಯದೇ ಆದ ರೆಂಡರ್ ತರಹದ ಕಡೆ ಫ್ರೀ ಆ್ಯಪ್ ಹದಿನೈದು ನಿಮಿಷ ಯಾರೂ ಮುಟ್ಟದಿದ್ದರೆ ಮಲಗಿಬಿಡುತ್ತದೆ, ಮತ್ತೆ ಏಳುವವರೆಗೆ ರೋಗಿ ಕಿಟಕಿ ಮುಂದೆ ನಿಂತಿರಬೇಕು.

ನಿನ್ನ ಬಜೆಟ್‌ಗೆ ಸರಿಹೋಗುವುದು ನಿಗದಿತ ಬೆಲೆಯ ಸಣ್ಣ ಸರ್ವರ್. ಡಿಜಿಟಲ್ ಓಷನ್‌ಗೆ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆ, ಅವರ ಅತಿ ಸಣ್ಣ ಸರ್ವರ್ ತಿಂಗಳಿಗೆ 4 ಡಾಲರ್. ಅದರಲ್ಲಿ ಅರ್ಧ ಜಿಬಿ ರ್‍ಯಾಮ್ ಅಷ್ಟೇ, ಡೇಟಾಬೇಸೂ ಅಲ್ಲೇ ಇದ್ದರೆ ಉಸಿರು ಕಟ್ಟುತ್ತದೆ. ಒಂದೋ ಎರಡೋ ಜಿಬಿಯದು ತಗೋ. ಎಡಬ್ಲ್ಯೂಎಸ್ ಬೇಕೇ ಬೇಕು ಅಂದರೆ ಲೈಟ್‌ಸೇಲ್ ನೋಡು, ಅದೂ ತಿಂಗಳಿಗೆ ಇಷ್ಟು ಅಂತ ಕಟ್ಟಿದ ಬೆಲೆ. ಆದರೆ ಅದರಲ್ಲಿ ಒಂದು ವಿಷಯ ಗಮನಿಸು. ಮುಂಬೈನಲ್ಲಿ ತಗೊಂಡರೆ ತಿಂಗಳ ಡೇಟಾ ಮಿತಿ ಬೇರೆ ಬಹಳ ಕಡೆಗಳ ಅರ್ಧದಷ್ಟೇ ಸಿಗುತ್ತದೆ. ಶಾಲೆಯ ಫೀಸ್ ಲೆಕ್ಕಕ್ಕೆ ಅದು ಸಾಕು, ವಿಡಿಯೋ ಇಟ್ಟರೆ ಸಾಲದು.

ಬೆಲೆಗಿಂತ ನನಗೆ ಭಯವಾಗಿದ್ದು ಬೇರೆ. ಆಸ್ಪತ್ರೆ, ಲಾಡ್ಜ್, ಶಾಲೆ ಮೂರೂ ಒಂದೇ ಸರ್ವರ್‌ನಲ್ಲಿ, ಅದೂ ನಿನ್ನ ಸ್ವಂತ ಖಾತೆಯಲ್ಲಿ ಅಂದೆಯಲ್ಲ. ಲಾಡ್ಜ್‌ನ ಸಾಫ್ಟ್‌ವೇರ್‌ನಲ್ಲಿ ಒಂದು ತೂತು ಇದ್ದರೆ ಆಸ್ಪತ್ರೆಯ ರೋಗಿಗಳ ದಾಖಲೆಗೂ ಅದೇ ದಾರಿ. ನಿನ್ನ ಕಾರ್ಡ್ ಒಂದು ತಿಂಗಳು ಫೇಲ್ ಆದರೆ ಮೂವರೂ ಒಟ್ಟಿಗೆ ನಿಲ್ಲುತ್ತಾರೆ. ಮೊದಲು ಆಸ್ಪತ್ರೆಯದನ್ನು ಅವರ ಹೆಸರಿನ ಖಾತೆಗೆ ಹಾಕು. ಅವರಿಗೆ ನೇರವಾಗಿ ಹೇಳು, ಸರ್ವರ್ ಬಾಡಿಗೆ ನೀವೇ ಕಟ್ಟಿ, ನೋಡಿಕೊಳ್ಳುವುದಕ್ಕೆ ನನಗೆ ಬೇರೆ ಕೊಡಿ ಅಂತ. ಐನೂರಕ್ಕಿಂತ ಹೆಚ್ಚಿಗೆ ಒಪ್ಪುವುದಿಲ್ಲ ಅಂದರೆ ಬಿಟ್ಟುಬಿಡು. ಐನೂರು ರೂಪಾಯಿಗೆ ಇಡೀ ಆಸ್ಪತ್ರೆಯ ಹೊಣೆ ಹೊರುವುದು ನಿನಗೂ ಒಳ್ಳೆಯದಲ್ಲ, ಅವರಿಗೂ ಅಲ್ಲ.

ಪ್ರಶ್ನೆ: ಬಿದ್ರಿ ಸಾಮಾನು ಆನ್‌ಲೈನ್‌ನಲ್ಲಿ ಮಾರಬೇಕು. ಗೂಗಲ್ ಕ್ಲೌಡ್ ತಗೊಳ್ಳಬೇಕಾ?
– ಬಿದ್ರಿ ಕುಶಲಕರ್ಮಿ, ಬೀದರ್

ಉತ್ತರ: ಬೇಡ. ಶಾಪಿಫೈ ತರಹದ ತಯಾರಾದ ಅಂಗಡಿ ಸೇವೆ ಸಾಕು. ಉಳಿದ ದುಡ್ಡನ್ನು ಒಳ್ಳೆ ಫೋಟೋಗೆ ಹಾಕಿ, ಕಪ್ಪು ಮೇಲ್ಮೈ ಮೇಲೆ ಬೆಳ್ಳಿ ಕುಸುರಿ ಫೋಟೋದಲ್ಲಿ ಸರಿಯಾಗಿ ಬರುವುದು ಸುಲಭವಲ್ಲ. 2006ರಲ್ಲೇ ಬಿದ್ರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಅದನ್ನು ಪುಟದಲ್ಲಿ ಕಾಣುವ ಹಾಗೆ ಬರೆಯಿರಿ.

ಪ್ರಶ್ನೆ: ನಮ್ಮದು ಶಹಾಪುರ ಕಡೆಯ ರೈತ ಉತ್ಪಾದಕ ಕಂಪನಿ. ಸದಸ್ಯರ ಷೇರು, ಬೀಜ ಗೊಬ್ಬರದ ಮಾರಾಟ, ಭತ್ತ ಹತ್ತಿ ಖರೀದಿ ಎಲ್ಲ ಕ್ಲೌಡ್ ಸಾಫ್ಟ್‌ವೇರ್‌ನಲ್ಲಿದೆ. ಈ ಸಲ ಆಡಿಟರ್ ಬಂದು ಸರ್ವರ್ ಎಲ್ಲಿದೆ ಅಂತ ಕೇಳಿದರು. ಕೊಟ್ಟವರನ್ನು ಕೇಳಿದರೆ "ಕ್ಲೌಡ್‌ನಲ್ಲಿದೆ" ಅಂತಾರೆ. ಇದು ಅಷ್ಟು ಮುಖ್ಯವಾ?
– ಸಿಇಒ, ರೈತ ಉತ್ಪಾದಕ ಕಂಪನಿ, ಯಾದಗಿರಿ ಜಿಲ್ಲೆ

ಉತ್ತರ: ಮುಖ್ಯ. ನಿಮ್ಮ ಆಡಿಟರ್ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ರೈತರದೇ ಆದರೂ ನಿಮ್ಮದು ಕಾನೂನಿನ ಕಣ್ಣಲ್ಲಿ ಕಂಪನಿ. ಕಂಪನಿಗಳ ಲೆಕ್ಕದ ನಿಯಮದ ಪ್ರಕಾರ ಕಂಪ್ಯೂಟರ್‌ನಲ್ಲಿರುವ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗೇ ಇರುವ ಸರ್ವರ್‌ನಲ್ಲಿ ಇರಬೇಕು. 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದಿ, ಈ ಬ್ಯಾಕಪ್ ಪ್ರತಿದಿನ ಆಗಬೇಕು ಅಂದರು. 2023ರ ಏಪ್ರಿಲ್ 1ರಿಂದ ಇನ್ನೊಂದು ಸೇರಿತು. ಯಾವ ಎಂಟ್ರಿಯನ್ನು ಯಾವಾಗ ಬದಲಾಯಿಸಿದರು ಅನ್ನುವ ದಾಖಲೆ ಸಾಫ್ಟ್‌ವೇರ್‌ನಲ್ಲಿ ತಾನಾಗಿ ಉಳಿಯಬೇಕು, ಅದನ್ನು ಆಫ್ ಮಾಡಲು ಬರಬಾರದು. ಲೆಕ್ಕಪುಸ್ತಕಗಳನ್ನು ಎಂಟು ವರ್ಷ ಇಡಬೇಕು ಅನ್ನುವುದಂತೂ ಕಂಪನಿ ಕಾಯ್ದೆಯಲ್ಲೇ ಇದೆ.

ಹಾಗಾಗಿ ಸಾಫ್ಟ್‌ವೇರ್ ಕೊಟ್ಟವರಿಂದ ಬಾಯಿಮಾತು ಬೇಡ, ಪತ್ರ ತಗೊಳ್ಳಿ. ಯಾವ ಕಂಪನಿಯ ಕ್ಲೌಡ್, ಯಾವ ಊರಿನ ರೀಜನ್, ದಿನದ ಬ್ಯಾಕಪ್ ಎಲ್ಲಿ, ಮೂರೂ ಅದರಲ್ಲಿರಲಿ. ಜೋಹೊ ಬಳಸುತ್ತಿದ್ದರೆ ಲಾಗಿನ್ ಆದಾಗ ವಿಳಾಸದ ಕೊನೆಗೆ ಡಾಟ್ ಇನ್ ಇದೆಯಾ ನೋಡಿ. ಭಾರತದ ಖಾತೆಗಳು ಅವರ ಭಾರತದ ಡೇಟಾ ಸೆಂಟರ್‌ಗಳಲ್ಲಿ ಇರುತ್ತವೆ, ಡಾಟ್ ಕಾಮ್ ಇದ್ದರೆ ಡೇಟಾ ಅಮೆರಿಕದಲ್ಲಿರುತ್ತದೆ, ಆಗ ಅವರನ್ನು ಕೇಳಿ ವರ್ಗಾಯಿಸಿಕೊಳ್ಳಿ. ಇನ್ನೊಂದು, ರೈತರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಫೋಟೋಗಳನ್ನು ಅದೇ ಸಾಫ್ಟ್‌ವೇರ್‌ಗೆ ಏರಿಸಿದ್ದೀರಾ? ಏರಿಸಿದ್ದರೆ ಎಲ್ಲ ಸಿಬ್ಬಂದಿಗೂ ಅದು ಕಾಣುವ ಹಾಗಿರಬಾರದು. ನಿಮ್ಮನ್ನು ನಂಬಿ ಕೊಟ್ಟ ಕಾಗದ ಅವು.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಅಂತ ಅಪ್ಪನ ಕಾರ್ಡ್ ಕೊಟ್ಟು ಒಂದು ಕ್ಲೌಡ್ ಖಾತೆ ತೆರೆದೆ. ಫ್ರೀ ಅಂದುಕೊಂಡಿದ್ದೆ. ಸರ್ವರ್ ಸ್ಟಾಪ್ ಮಾಡಿದ್ದರೂ ಬಿಲ್ ಬರುತ್ತಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಮೊದಲು ಅಪ್ಪನಿಗೆ ಹೇಳಮ್ಮ, ಇವತ್ತೇ. ಹೇಳಿದ ಮೇಲೆ ನಿಶ್ಚಿಂತೆಯಿಂದ ಸರಿ ಮಾಡಬಹುದು.

ಸರ್ವರ್ ಸ್ಟಾಪ್ ಮಾಡಿದರೆ ಸರ್ವರ್ ಬಾಡಿಗೆ ನಿಲ್ಲುತ್ತದೆ, ಆದರೆ ಅದರ ಡಿಸ್ಕ್ ಹಾಗೇ ಇರುತ್ತದೆ, ಅದಕ್ಕೆ ಬಾಡಿಗೆ ಇದ್ದೇ ಇದೆ. ಕಾದಿರಿಸಿದ ಐಪಿ ವಿಳಾಸಕ್ಕೂ ದುಡ್ಡು. ಉದಾಹರಣೆಗೆ ಎಡಬ್ಲ್ಯೂಎಸ್‌ನಲ್ಲಿ 2024ರ ಫೆಬ್ರವರಿಯಿಂದ ಒಂದು ಐಪಿಗೆ ಗಂಟೆಗೆ 0.005 ಡಾಲರ್, ತಿಂಗಳಿಗೆ ಮೂರೂವರೆ ಡಾಲರ್ ಚಿಲ್ಲರೆ ಆಗುತ್ತದೆ. ಸ್ಟಾಪ್ ಅಲ್ಲ, ಸರ್ವರ್, ಡಿಸ್ಕ್, ಐಪಿ ಎಲ್ಲವನ್ನೂ ಟರ್ಮಿನೇಟ್ ಅಥವಾ ಡಿಲೀಟ್ ಮಾಡಬೇಕು. ಮುಂಚೆ ಪ್ರಾಜೆಕ್ಟ್ ಫೈಲ್‌ಗಳನ್ನು ನಿನ್ನ ಲ್ಯಾಪ್‌ಟಾಪ್‌ಗೆ ಇಳಿಸಿಕೋ. ಆಮೇಲೆ ಬಿಲ್ಲಿಂಗ್ ಪುಟಕ್ಕೆ ಹೋಗಿ ಯಾವ ರೀಜನ್‌ನಲ್ಲಿ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ನೋಡು. ಸರ್ವರ್ ಪಟ್ಟಿಯ ಪುಟ ಒಂದು ಸಲಕ್ಕೆ ಒಂದೇ ರೀಜನ್ ತೋರಿಸುತ್ತಿದ್ದರೆ, ಬೇರೆ ರೀಜನ್‌ನಲ್ಲಿ ಯಾವತ್ತೋ ಮಾಡಿದ್ದು ಕಣ್ಣಿಗೆ ಬೀಳದೆ ಓಡುತ್ತಲೇ ಇರುತ್ತದೆ. ನೀನು ಮಾಡದೇ ಇರುವ ಸರ್ವರ್‌ಗಳು ಅಲ್ಲಿ ಕಂಡರೆ, ನಿನ್ನ ಕೀ (ಖಾತೆಗೆ ಪ್ರವೇಶ ಕೊಡುವ ಗುಪ್ತ ಸಂಕೇತ) ಕೋಡ್ ಹಂಚಿಕೊಳ್ಳುವ ಗಿಟ್‌ಹಬ್‌ನಲ್ಲಿ ಬಹಿರಂಗವಾಗಿರಬಹುದು, ತಕ್ಷಣ ಕೀ ರದ್ದು ಮಾಡು.

ಬಜೆಟ್ ಅಲರ್ಟ್ ಹಾಕಿದ್ದೆ, ಆದರೂ ಬಿಲ್ ಬಂತು ಅಂತ ಬಹಳ ವಿದ್ಯಾರ್ಥಿಗಳು ಬರೆಯುತ್ತಾರೆ. ಅಲರ್ಟ್ ಬರೀ ಮೇಲ್ ಕಳಿಸುತ್ತದೆ, ಏನನ್ನೂ ನಿಲ್ಲಿಸುವುದಿಲ್ಲ. ಮುಂದಿನ ಪ್ರಾಜೆಕ್ಟ್‌ಗೆ ಕಾರ್ಡ್ ಇಲ್ಲದ ದಾರಿ ಹಿಡಿ. ಅಜೂರ್ ಫಾರ್ ಸ್ಟೂಡೆಂಟ್ಸ್‌ನಲ್ಲಿ ಕಾಲೇಜಿನ ಇಮೇಲ್ ಇದ್ದರೆ ಸಾಕು, 100 ಡಾಲರ್ ಕ್ರೆಡಿಟ್ ಕೊಡುತ್ತಾರೆ, ಕಾರ್ಡ್ ಕೇಳುವುದಿಲ್ಲ. ಎಡಬ್ಲ್ಯೂಎಸ್ ಕಾರ್ಡ್ ಕೇಳುತ್ತದೆ, ಆದರೂ 2025ರ ಜುಲೈ ಮಧ್ಯದಿಂದ ಹೊಸಬರಿಗೆ ಬೇರೆ ಫ್ರೀ ಪ್ಲಾನ್ ತಂದಿದೆ, ಆರು ತಿಂಗಳಾದರೆ ಅಥವಾ ಕ್ರೆಡಿಟ್ ಮುಗಿದರೆ ಅದು ಬಿಲ್ ಹಾಕದೆ ನಿಲ್ಲುತ್ತದೆ.

ಈಗ ಬಂದಿರುವ ಬಿಲ್‌ಗೆ ಸಪೋರ್ಟ್ ಟಿಕೆಟ್ ಹಾಕು. ವಿದ್ಯಾರ್ಥಿನಿ, ಮೊದಲ ಸಲ, ಇಂಥಿಂಥದ್ದನ್ನು ಈಗ ಅಳಿಸಿದ್ದೇನೆ ಅಂತ ಇದ್ದದ್ದು ಇದ್ದ ಹಾಗೆ ಬರೆ. ಬಿಲ್‌ನ ವಿವರ ಜೊತೆಗೆ ಸೇರಿಸು, ಮನ್ನಾ ಮಾಡಲು ವಿನಂತಿ ಅಂತ ಸ್ಪಷ್ಟವಾಗಿ ಕೇಳು. ಅವರು ಉತ್ತರ ಕೊಡುವವರೆಗೆ ಖಾತೆ ಮುಚ್ಚಬೇಡ.